ಸೋತಿದ್ದು ಹೆಬ್ಬೆರಳು, ಹಿಂಜರಿದಿದ್ದು ತೋಳು

ದಣಿದ ಸ್ನಾಯುವಿನಿಂದ ನರಗಳು ಮಿದುಳಿಗೆ ಕಳಿಸುವ ವರದಿ ನಮ್ಮ ಬಲವನ್ನು ತಗ್ಗಿಸುತ್ತದಾ ಅಂತ ನನ್ನ ಮೇಲೇ ಪರೀಕ್ಷಿಸಲು ಹೊರಟಿದ್ದೆ. ಮೊದಲ ಸಲ ನಾನು ಮಾಡಿದ್ದೇ ತಪ್ಪು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಹಿಡಿತದ ಬಲ ಅಳೆಯುವ ಡೈನಮೋಮೀಟರನ್ನು ಎರಡು ನಿಮಿಷ ಶಕ್ತಿಯಿದ್ದಷ್ಟೂ ಹಿಂಡಿದೆ. ಮುಗಿಯುವ ಹೊತ್ತಿಗೆ ತೋಳಿಗೆ ಕಟ್ಟಿದ್ದ ಬಿ.ಪಿ. ಪಟ್ಟಿಗೆ ಗಾಳಿ ತುಂಬಿಸಿ ರಕ್ತ ನಿಲ್ಲಿಸಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತು ಮತ್ತೆ ಹಿಂಡಿದರೆ ಬಲ ವಾಪಸ್ ಬಂದಿರಲಿಲ್ಲ. ನೋಡಿ, ನರಗಳ ವರದಿಯೇ ಬಲವನ್ನು ತಡೆಯುತ್ತಿದೆ ಅಂತ ಖುಷಿಪಟ್ಟೆ. ಜೊತೆಗಿದ್ದ ಗೆಳತಿ ಒಂದೇ ಮಾತು ಕೇಳಿದಳು: "ರಕ್ತವೇ ಇಲ್ಲದ ಸ್ನಾಯು ಸುಧಾರಿಸಿಕೊಳ್ಳೋದಾದ್ರೂ ಹೇಗೆ?" ಹೌದಲ್ವಾ. ಸೋತಿದ್ದು ಸ್ನಾಯುವೋ ಅಥವಾ ಅದನ್ನು ದುಡಿಸುವ ಮಿದುಳೋ, ಈ ರೀತಿ ಅಳೆದರೆ ಗೊತ್ತಾಗುವುದೇ ಇಲ್ಲ.

ನಾನು ಹುಡುಕುತ್ತಿದ್ದದ್ದು ಸ್ನಾಯುವಿನೊಳಗಿನ ತೀರ ಸಪೂರ ನರದ ಎಳೆಗಳ ಕೆಲಸ. ಮೂರನೇ ಮತ್ತು ನಾಲ್ಕನೇ ಗುಂಪಿನವು ಅಂತ ಕರೆಯುತ್ತಾರೆ. ನಾಲ್ಕನೇ ಗುಂಪಿನ ಎಳೆಗಳಿಗೆ ಹೊದಿಕೆಯೂ ಇಲ್ಲ, ಅದರಲ್ಲಿ ಸಂಕೇತ ಹೋಗುವುದು ಸೆಕೆಂಡಿಗೆ ಒಂದೆರಡು ಮೀಟರ್, ಅಂದರೆ ನಾವು ನಡೆಯುವ ವೇಗ. ದುಡಿದ ಸ್ನಾಯುವಿನಲ್ಲಿ ಆಮ್ಲ, ಲ್ಯಾಕ್ಟೇಟ್, ಎಟಿಪಿಯಂಥ ರಾಸಾಯನಿಕಗಳೆಲ್ಲ ಒಟ್ಟಿಗೆ ಸೇರಿಕೊಂಡಾಗ ಇವು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ವರದಿ ಕಳಿಸುತ್ತವೆ. ರಕ್ತ ಹರಿದರೆ ಅದೆಲ್ಲ ತೊಳೆದುಹೋಗುತ್ತದೆ. ಪಟ್ಟಿ ಬಿಗಿದರೆ ಅಲ್ಲೇ ಉಳಿಯುತ್ತದೆ, ವರದಿಯೂ ನಿಲ್ಲುವುದಿಲ್ಲ.

ಹಾಗಾಗಿ ಎರಡನೇ ಸಲ ದಣಿಸುವ ಸ್ನಾಯುವನ್ನೂ ಅಳೆಯುವ ಸ್ನಾಯುವನ್ನೂ ಬೇರೆ ಮಾಡಿದೆವು. ದಣಿಸಿದ್ದು ಹೆಬ್ಬೆರಳು. ಪಟ್ಟಿ ಕಟ್ಟಿದ್ದು ಮಣಿಕಟ್ಟಿನ ಹತ್ತಿರ. ಅಳೆದಿದ್ದು ಮೊಣಕೈ ಮಡಿಸುವ ಬೈಸೆಪ್ಸ್, ಅದಕ್ಕೆ ರಕ್ತ ಎಂದಿನಂತೆ ಹರಿಯುತ್ತಲೇ ಇತ್ತು. ಮೊಣಕೈಯನ್ನು ತೊಂಬತ್ತು ಡಿಗ್ರಿಗೆ ಮಡಿಸಿ, ಕೈಯನ್ನು ಬಲಮಾಪಕಕ್ಕೆ ಬಿಗಿದು, ಬೈಸೆಪ್ಸ್ ಮೇಲೆ ಎಲೆಕ್ಟ್ರೋಡ್ ಅಂಟಿಸಿದೆವು. ಜೀವ ಬಿಟ್ಟು ಎಳೆಯುತ್ತಿರುವಾಗಲೇ ಕರೆಂಟಿನ ಒಂದು ಚುಟುಕು ಹೊಡೆತ. ಮಿದುಳು ಸ್ನಾಯುವನ್ನು ಪೂರ್ತಿ ಬಳಸುತ್ತಿದ್ದರೆ ಆ ಹೊಡೆತದಿಂದ ಬಲ ಏರುವುದಿಲ್ಲ. ಗ್ರಾಫಿನಲ್ಲಿ ಸಣ್ಣ ಉಬ್ಬು ಎದ್ದರೆ ಮಿದುಳು ಅಷ್ಟನ್ನು ಬಳಸದೆ ಬಿಟ್ಟಿದೆ ಅಂತ ಅರ್ಥ. ಇದು ಶರೀರಕ್ರಿಯಾ ವಿಜ್ಞಾನಿ ಮರ್ಟನ್ 1954ರಲ್ಲಿ ತೋರಿಸಿದ ಉಪಾಯ, ಅವರೂ ಅಳೆದಿದ್ದು ಹೆಬ್ಬೆರಳಿನ ಸ್ನಾಯುವನ್ನೇ.

ಎರಡು ನಿಮಿಷ ಹೆಬ್ಬೆರಳು ಒತ್ತಿ ಹಿಡಿಯುವುದು ಏನು ಮಹಾ ಅಂದುಕೊಂಡಿದ್ದೆ. ಅರ್ಧ ನಿಮಿಷಕ್ಕೇ ನಡುಕ ಶುರು. ಆಮೇಲೆ ಪಟ್ಟಿ ಬಿಗಿದಾಗ ಬರುವ ನೋವು ಇದೆಯಲ್ಲ, ಉರಿಯೂ ಅಲ್ಲ, ಸೆಳೆತವೂ ಅಲ್ಲ, ಅಂಗೈಯೊಳಗೆ ಯಾರೋ ಕೂತು ಹಿಂಡಿದ ಹಾಗೆ. ಆ ನೋವಿನಲ್ಲೇ ಬೈಸೆಪ್ಸಿನಿಂದ ಎಳೆಯಬೇಕು. ಎಳೆದೆ. ನನ್ನ ಪ್ರಕಾರ ಪೂರ್ತಿ ಬಲ ಹಾಕಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೂ ಉಬ್ಬು ಮೊದಲಿಗಿಂತ ದೊಡ್ಡದಾಗಿ ಬಂತು. ಪಟ್ಟಿ ಬಿಚ್ಚಿದ ಮೇಲೆ ನೋವು ಇಳಿಯಿತು, ಕೈ ಜುಮ್ ಅಂದಿತು, ಉಬ್ಬೂ ಚಿಕ್ಕದಾಯಿತು.

ವ್ಯತ್ಯಾಸ ದೊಡ್ಡದಲ್ಲ. ಬರೀ ಬಲದ ಅಂಕಿ ನೋಡಿದ್ದರೆ ದಿನದಿಂದ ದಿನಕ್ಕೆ ಆಗುವ ಏರುಪೇರಿನಲ್ಲೇ ಮುಚ್ಚಿಹೋಗುತ್ತಿತ್ತು, ಅದಕ್ಕೇ ಬೇರೆ ಬೇರೆ ದಿನ ಮತ್ತೆ ಮತ್ತೆ ಮಾಡಬೇಕಾಯಿತು. ಒಂದು ದಿನ ಹೆಬ್ಬೆರಳು ದಣಿಸದೆ ಬರೀ ಪಟ್ಟಿ ಬಿಗಿದೂ ನೋಡಿದೆವು. ಪಟ್ಟಿಯ ಬಿಗಿತವೇ ಕಾರಣ ಇರಬಹುದಲ್ಲ ಅನ್ನುವ ಅನುಮಾನ ಇತ್ತು. ಉಬ್ಬು ಬೆಳೆಯಲಿಲ್ಲ.

ಈ ವರದಿಯನ್ನೇ ತಡೆದುಬಿಟ್ಟರೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೈಕಲ್ ಸವಾರರಿಗೆ ಬೆನ್ನಿನಲ್ಲಿ ಫೆಂಟನಿಲ್ ಅನ್ನುವ ನೋವು ನಿವಾರಕ ಕೊಟ್ಟು ಕಾಲಿನಿಂದ ಬರುವ ವರದಿಯನ್ನು ಮಂಕು ಮಾಡಿದ್ದರು. 5 ಕಿಲೋಮೀಟರ್ ಸವಾರಿಯ ಶುರುವಿನಲ್ಲಿ ಅವರು ಜಾಸ್ತಿ ಜೋರಾಗಿ ತುಳಿದರು, ಕೊನೆಯಲ್ಲಿ ನಿಧಾನವಾದರು. ಇಳಿದ ಮೇಲೆ ನೆಟ್ಟಗೆ ನಡೆಯಲೂ ಕಷ್ಟಪಟ್ಟರು.

ಪಟ್ಟಿ ಬಿಗಿಯುವ ಈ ಕೆಲಸವನ್ನು ಒಬ್ಬರೇ ಮಾಡಬೇಡಿ. ಬಿ.ಪಿ. ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಂತೂ ಬೇಡವೇ ಬೇಡ. ಇನ್ನು ನನ್ನ ದಿನದ ಕೆಲಸದಲ್ಲಿ ಬದಲಾಗಿದ್ದು ಒಂದೇ: ಯಾರದಾದರೂ ತೋಳಿನ ಬಲ ಅಳೆಯುವುದಿದ್ದರೆ ಹಿಡಿತದ ಪರೀಕ್ಷೆಯನ್ನು ಈಗ ಕೊನೆಗೆ ಇಟ್ಟುಕೊಳ್ಳುತ್ತೇನೆ.