ಓಜಿಎಲ್ ಬಿಕ್ಕಟ್ಟಿನ ನಂತರ: ರೋಲ್‌ಪ್ಲೇಯಿಂಗ್ ಆಟದ ಪುಸ್ತಕಕ್ಕೆ ಪರವಾನಗಿ ಆರಿಸುವ ಬಗೆ

ಒಬ್ಬಿಬ್ಬರೇ ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ, ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡುವ ಆಟದ, ಪುಸ್ತಕ ಬರೆದು, ಪಿಡಿಎಫ್ ಮಾಡಿ, ಒಂದಷ್ಟು ಪ್ರತಿ ಅಚ್ಚು ಹಾಕಿಸಿ ಮಾರುವ ಸ್ವತಂತ್ರ ಪ್ರಕಾಶಕರಲ್ಲಿ ಬಹಳ ಮಂದಿ ಎರಡು ದಶಕಕ್ಕೂ ಹೆಚ್ಚು ಕಾಲ ಒಂದೇ ಪರವಾನಗಿಯನ್ನು ನಂಬಿಕೊಂಡಿದ್ದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಒಡೆತನ ಹೊಂದಿರುವ ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2000ರಲ್ಲಿ ಹೊರತಂದ ಓಪನ್ ಗೇಮ್ ಲೈಸೆನ್ಸ್, ಅಂದರೆ ಓಜಿಎಲ್, ಆ ಪರವಾನಗಿ. ಆಟದ ಮೂಲ ನಿಯಮಗಳನ್ನು ಸಿಸ್ಟಂ ರೆಫರೆನ್ಸ್ ಡಾಕ್ಯುಮೆಂಟ್ (ಎಸ್‌ಆರ್‌ಡಿ) ಎಂಬ ಕಡತದಲ್ಲಿ ಬಿಡುಗಡೆ ಮಾಡಿ, ಯಾರು ಬೇಕಾದರೂ ರಾಯಲ್ಟಿ ಕೊಡದೆ ಬಳಸಬಹುದೆಂದು ಅದು ಹೇಳುತ್ತಿತ್ತು. ಪೈಜೋ ಕಂಪನಿಯ ಪಾತ್‌ಫೈಂಡರ್ ಆಟ 2009ರಲ್ಲಿ ಬಂದದ್ದು ಇದೇ ಬುನಾದಿಯ ಮೇಲೆ.

2023ರ ಜನವರಿ ಮೊದಲ ವಾರದಲ್ಲಿ ಓಜಿಎಲ್ 1.1ರ ಕರಡು ಸೋರಿಕೆಯಾದಾಗ ಈ ಬುನಾದಿ ಅಲುಗಾಡಿತು. ವರ್ಷಕ್ಕೆ 50,000 ಡಾಲರ್ ದಾಟಿದವರು ಆದಾಯದ ಲೆಕ್ಕ ಕೊಡಬೇಕು, 7,50,000 ಡಾಲರ್ ಮೀರಿದ ಮೊತ್ತಕ್ಕೆ ಶೇ. 25ರವರೆಗೆ ರಾಯಲ್ಟಿ ಕಟ್ಟಬೇಕು ಎಂದು ಅದರಲ್ಲಿತ್ತು. ಇವುಗಳಿಗಿಂತ ಹೆಚ್ಚು ಆತಂಕ ಹುಟ್ಟಿಸಿದ್ದು, ಹಳೆಯ 1.0ಎ ಆವೃತ್ತಿಗೆ ಇನ್ನು ಮಾನ್ಯತೆ ಇಲ್ಲ ಎಂಬ ಸಾಲು. 1.0ಎ ಪರವಾನಗಿಯ 4ನೇ ಕಲಮು ಶಾಶ್ವತವಾದ ಹಕ್ಕು ಕೊಡುತ್ತದೆಯಾದರೂ ಆ ಹಕ್ಕನ್ನು ಹಿಂಪಡೆಯುವಂತಿಲ್ಲ ಎಂದು ಎಲ್ಲೂ ಹೇಳಿರಲಿಲ್ಲ. 9ನೇ ಕಲಮು 'ಮಾನ್ಯತೆ ಇರುವ' ಯಾವುದೇ ಆವೃತ್ತಿಯನ್ನು ಬಳಸಬಹುದು ಎಂದಷ್ಟೇ ಹೇಳಿತ್ತು. ಪ್ರತಿಭಟನೆ ಜೋರಾಯಿತು. ನಂತರ ಬಂದ 1.2ರ ಕರಡಿನ ಬಗ್ಗೆ ಕಂಪನಿಯೇ ನಡೆಸಿದ ಸಮೀಕ್ಷೆಗೆ 15,000ಕ್ಕೂ ಹೆಚ್ಚು ಜನ ಉತ್ತರಿಸಿದರು, ಅವರಲ್ಲಿ ಶೇ. 88ರಷ್ಟು ಮಂದಿ ಅದರಡಿ ಪ್ರಕಟಿಸಲು ಒಲ್ಲೆವೆಂದರು. ಜನವರಿ 27ರಂದು ಕಂಪನಿ ಹಿಂದೆ ಸರಿದು 1.0ಎ ಪರವಾನಗಿಯನ್ನು ಇದ್ದಂತೆಯೇ ಉಳಿಸಿತು, ಜೊತೆಗೆ ಆಟದ ಐದನೇ ಆವೃತ್ತಿಯ, ಸುಮಾರು 400 ಪುಟಗಳ ಎಸ್‌ಆರ್‌ಡಿ 5.1 ಅನ್ನು, ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಅಟ್ರಿಬ್ಯೂಷನ್ 4.0 (ಸಿಸಿ ಬಿವೈ) ಪರವಾನಗಿಯಡಿ ಬಿಟ್ಟುಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಎಸ್‌ಆರ್‌ಡಿ 5.2 ಕೂಡ ಅದೇ ಪರವಾನಗಿಯಡಿ ಬಂತು. ಅಷ್ಟರೊಳಗೆ ಪೈಜೋ ಮುಂದಾಳತ್ವದಲ್ಲಿ ಹಲವು ಪ್ರಕಾಶಕರು ಸೇರಿ ಯಾವ ಕಂಪನಿಯ ಹಿಡಿತಕ್ಕೂ ಒಳಪಡದ ಆರ್ಕ್ ಲೈಸೆನ್ಸ್ ಅನ್ನು ಸಿದ್ಧಪಡಿಸಿದ್ದರು. 2023ರ ನವೆಂಬರಿನಿಂದ ಬಂದ ಪಾತ್‌ಫೈಂಡರ್‌ನ ಪರಿಷ್ಕೃತ ಪುಸ್ತಕಗಳು ಅದರಡಿಯಲ್ಲಿವೆ.

ಈಗ ಪುಸ್ತಕ ತರುವವರು ಯಾವ ಪರವಾನಗಿ ಒಳ್ಳೆಯದು ಎಂಬ ಪ್ರಶ್ನೆಯಿಂದ ಕೆಲಸ ಶುರು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಪುಸ್ತಕದ ಯಾವ ಸಾಲು ಎಲ್ಲಿಂದ ಬಂತು ಎಂಬುದು ಮೊದಲು ಗೊತ್ತಿರಬೇಕು. ಆದ್ದರಿಂದ ಒಂದು ಸ್ಪ್ರೆಡ್‌ಶೀಟ್ ತೆರೆದು ಪ್ರತಿಯೊಂದು ಮಂತ್ರ, ಪ್ರಾಣಿ, ಆಯುಧ, ನಿಯಮಕ್ಕೂ ಒಂದೊಂದು ಸಾಲು ಕೊಡಿ. ಮೂಲ ಯಾವುದು, ಅದರ ಪರವಾನಗಿ ಯಾವುದು, ಮಾತು ಹಾಗೆಯೇ ಎತ್ತಿಕೊಂಡದ್ದೋ ತಿದ್ದಿ ಬರೆದದ್ದೋ ನಿಮ್ಮದೇ ಸೃಷ್ಟಿಯೋ ಎಂದು ಎದುರಿಗೆ ಬರೆಯಿರಿ. ಬೇಸರದ ಕೆಲಸ ನಿಜ, ಆದರೆ ಮುಂದಿನ ಎಲ್ಲ ತೀರ್ಮಾನಗಳೂ ಇದರಿಂದಲೇ ಹೊರಡುತ್ತವೆ.

ಪಟ್ಟಿ ಮಾಡುವಾಗ, ಆಟಗಾರರ ಕೈಯಲ್ಲಿರುವ ಪುಸ್ತಕವೂ ಎಸ್‌ಆರ್‌ಡಿಯೂ ಒಂದೇ ಎಂದು ಭಾವಿಸಬೇಡಿ. ಎಸ್‌ಆರ್‌ಡಿ 5.1ರಲ್ಲಿ ಇರುವುದು ಅಕೊಲೈಟ್ ಎಂಬ ಒಂದೇ ಪಾತ್ರದ ಹಿನ್ನೆಲೆ, ಗ್ರ್ಯಾಪ್ಲರ್ ಎಂಬ ಒಂದೇ ಫೀಟ್ (ಪಾತ್ರದ ವಿಶೇಷ ಕೌಶಲ). ಫೈಟರ್ ವರ್ಗಕ್ಕೆ ಚಾಂಪಿಯನ್ ಬಿಟ್ಟರೆ ಬೇರೆ ಉಪವರ್ಗವಿಲ್ಲ. ಪುಸ್ತಕದಲ್ಲಿ 'ಬಿಗ್ಬೀಸ್ ಹ್ಯಾಂಡ್' ಎಂದಿರುವ ಮಂತ್ರ ಎಸ್‌ಆರ್‌ಡಿಯಲ್ಲಿ 'ಆರ್ಕೇನ್ ಹ್ಯಾಂಡ್' ಆಗಿದೆ, 'ಮೆಲ್ಫ್ಸ್ ಆ್ಯಸಿಡ್ ಆ್ಯರೋ' ಬರೀ 'ಆ್ಯಸಿಡ್ ಆ್ಯರೋ' ಆಗಿದೆ, ಏಕೆಂದರೆ ಬಿಗ್ಬಿ, ಮೆಲ್ಫ್ ಎಂಬ ಮಾಂತ್ರಿಕರ ಹೆಸರುಗಳನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿದೆ. ಪ್ರಾಣಿಗಳಲ್ಲಿ ಔಲ್‌ಬೇರ್‌ನ ಅಂಕಿಅಂಶ ಕಡತದಲ್ಲಿದೆ, ಬಿಹೋಲ್ಡರ್‌ನದು ಇಲ್ಲ. ನೆನಪಿನಿಂದ ಬರೆದ ಸಾಹಸಕಥೆಗಳಲ್ಲಿ ಇಂಥ ಹೆಸರುಗಳು ತಿಳಿಯದೆಯೇ ನುಸುಳಿರುತ್ತವೆ. ಹಾಗಾಗಿ ಪ್ರತಿಯೊಂದು ಹೆಸರನ್ನೂ ಎಸ್‌ಆರ್‌ಡಿಯಲ್ಲಿ ಹುಡುಕಿ ನೋಡಿ, ಸಿಗದಿದ್ದರೆ ಬದಲಿಸಿ.

ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಸಂಖ್ಯೆಗೆ ಪಾತ್ರದ ಸಾಮರ್ಥ್ಯವನ್ನು ಕೂಡಿಸಿ, ಗೊತ್ತುಪಡಿಸಿದ ಅಂಕಕ್ಕೆ ಹೋಲಿಸುವ ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ. ಅಮೆರಿಕದ ಕಾನೂನು ಹಕ್ಕುಸ್ವಾಮ್ಯದ ರಕ್ಷಣೆಯಿಂದ ವಿಧಾನ, ಪದ್ಧತಿಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ, ಭಾರತದಲ್ಲಿಯೂ ಆರ್.ಜಿ. ಆನಂದ್ ಪ್ರಕರಣದ 1978ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ರಕ್ಷಣೆ ಇರುವುದು ಕಲ್ಪನೆಗಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಎಂದಿದೆ. ಆದರೆ ಆ ವಿಧಾನವನ್ನು ವಿವರಿಸುವ ವಾಕ್ಯಗಳಿಗೆ, ಚಿತ್ರಗಳಿಗೆ, ಕಥಾಲೋಕಕ್ಕೆ ಹಕ್ಕುಸ್ವಾಮ್ಯವಿದೆ, ಮತ್ತು ವಿಧಾನ ಎಲ್ಲಿ ಮುಗಿದು ಅಭಿವ್ಯಕ್ತಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನ್ಯಾಯಾಲಯದಲ್ಲಿ ವಾದಿಸಿ ಗೆಲ್ಲುವಷ್ಟು ಹಣ ಸಣ್ಣ ಪ್ರಕಾಶಕರ ಬಳಿ ಇರುವುದಿಲ್ಲ. ಪರವಾನಗಿಯ ನಿಜವಾದ ಉಪಯೋಗ ಇಲ್ಲಿದೆ: ಆ ಗೆರೆಯನ್ನು ಹುಡುಕುವ ಕೆಲಸವನ್ನೇ ಅದು ತಪ್ಪಿಸುತ್ತದೆ.

ನಿಮ್ಮ ಪಟ್ಟಿಯಲ್ಲಿ ಎಸ್‌ಆರ್‌ಡಿ 5.1 ಅಥವಾ 5.2 ಮತ್ತು ನಿಮ್ಮ ಸ್ವಂತದ್ದು ಮಾತ್ರ ಇದ್ದರೆ ಸಿಸಿ ಬಿವೈ ಆರಿಸಲು ಹಿಂಜರಿಯಬೇಕಿಲ್ಲ. ಇದನ್ನು ಹಿಂಪಡೆಯುವಂತಿಲ್ಲ ಎಂದು ಪರವಾನಗಿಯೇ ಸ್ಪಷ್ಟವಾಗಿ ಹೇಳುತ್ತದೆ. ಷರತ್ತು ಮುರಿದರೆ ನಿಮ್ಮ ಹಕ್ಕು ತಾನಾಗಿ ಕೊನೆಗೊಳ್ಳುತ್ತದಾದರೂ, ತಪ್ಪು ಗಮನಕ್ಕೆ ಬಂದ 30 ದಿನಗಳೊಳಗೆ ಸರಿಪಡಿಸಿದರೆ ಅದು ತಾನಾಗಿಯೇ ಮರಳುತ್ತದೆ. ಎಸ್‌ಆರ್‌ಡಿಯ ಆರಂಭದಲ್ಲಿ ಕೊಟ್ಟಿರುವ, ಮೂಲವನ್ನು ಹೆಸರಿಸುವ ಹೇಳಿಕೆಯನ್ನು ಅಕ್ಷರ ಬದಲಿಸದೆ, ಆವೃತ್ತಿಯ ಸಂಖ್ಯೆ ಸಹಿತ, ನಿಮ್ಮ ಹಕ್ಕುಗಳ ಪುಟದಲ್ಲಿ ಹಾಕಿ. ಕೆಳಗೆ 'ಮೂಲ ಪಠ್ಯದಲ್ಲಿ ಬದಲಾವಣೆ ಮಾಡಲಾಗಿದೆ' ಎಂಬ ಸಾಲು ಸೇರಿಸಿ. ಬದಲಾವಣೆಯನ್ನು ತಿಳಿಸುವುದು ಪರವಾನಗಿಯ ಷರತ್ತು, ಆದರೂ ಬಹಳ ಪುಸ್ತಕಗಳಲ್ಲಿ ಇದೇ ಬಿಟ್ಟುಹೋಗುತ್ತದೆ. ಐದನೇ ಆವೃತ್ತಿಗೆ ಹೊಂದುತ್ತದೆ ಎಂದು ಮುಖಪುಟದಲ್ಲಿ ಹೇಳಿಕೊಳ್ಳಲು ಎಸ್‌ಆರ್‌ಡಿಯಲ್ಲೇ ಅನುಮತಿ ಇದೆ, ಆದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಲೋಗೋ ಬಳಸಲು ಇಲ್ಲ, ಏಕೆಂದರೆ ಸಿಸಿ ಬಿವೈ ಟ್ರೇಡ್‌ಮಾರ್ಕ್ ಹಕ್ಕು ಕೊಡುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇದರಿಂದ ಇನ್ನೊಂದು ದಾರಿ ತೆರೆದಿದೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅನುವಾದದ ಹಕ್ಕು ಮೂಲ ಕೃತಿಯ ಹಕ್ಕುದಾರರದು. ಎಸ್‌ಆರ್‌ಡಿಯ ವಿಷಯದಲ್ಲಿ ಆ ಅನುಮತಿ ಸಿಸಿ ಬಿವೈಯಲ್ಲೇ ಅಡಕವಾಗಿರುವುದರಿಂದ, ಇಡೀ ನಿಯಮಾವಳಿಯನ್ನು ಕನ್ನಡಕ್ಕೆ ತಂದು ಮಾರಲು ಯಾರನ್ನೂ ಕೇಳಬೇಕಾಗಿಲ್ಲ. ಇಂಗ್ಲಿಷ್ ಹೇಳಿಕೆಯನ್ನು ಉಳಿಸಿಕೊಂಡು, ಇದು ಅನುವಾದ ಎಂದು ಕನ್ನಡದಲ್ಲಿ ನಮೂದಿಸಿದರಾಯಿತು. ನಮ್ಮ ಊರಿನ ಹುಡುಗರು ತಮ್ಮ ಭಾಷೆಯಲ್ಲಿ ಈ ಆಟ ಆಡಬೇಕೆಂದು ಬಯಸುವವರು ಈ ಅವಕಾಶವನ್ನು ಬಿಡಬಾರದು.

ಹಳೆಯ ಓಜಿಎಲ್ ಪುಸ್ತಕ ಇಟ್ಟುಕೊಂಡವರ ಕೆಲಸ ಹೆಚ್ಚು ಕಷ್ಟದ್ದು. ಅದರ ಕೊನೆಯ ಪುಟದಲ್ಲಿರುವ ಪರವಾನಗಿಯ 15ನೇ ಕಲಮು ತೆಗೆದು ನೋಡಿ. ಯಾರು ಯಾರಿಂದ ಪಡೆದುಕೊಂಡರು ಎಂಬ ಇಡೀ ಸರಪಳಿ ಅಲ್ಲಿರುತ್ತದೆ. ಅಲ್ಲಿ ಪರವಾನಗಿ, ಎಸ್‌ಆರ್‌ಡಿ 5.1 ಮತ್ತು ನಿಮ್ಮ ಹೆಸರು ಇಷ್ಟೇ ಇದ್ದರೆ, ಹೊಸ ಮುದ್ರಣದಲ್ಲಿ ಓಜಿಎಲ್ ಪಠ್ಯ ತೆಗೆದು ಕ್ರಿಯೇಟಿವ್ ಕಾಮನ್ಸ್ ಹೇಳಿಕೆ ಹಾಕಬಹುದು. ಬೇರೆ ಪ್ರಕಾಶಕರ ಪ್ರಾಣಿಪುಸ್ತಕವೊಂದರ ಹೆಸರಿದ್ದರೆ ಹಾಗೆ ಮಾಡುವಂತಿಲ್ಲ, ಏಕೆಂದರೆ ವಿಜರ್ಡ್ಸ್ ಬಿಡುಗಡೆ ಮಾಡಿದ್ದು ತನ್ನ ಪಠ್ಯವನ್ನು ಮಾತ್ರ. 2003ರ ಎಸ್‌ಆರ್‌ಡಿ 3.5ರಿಂದ ತೆಗೆದುಕೊಂಡದ್ದಕ್ಕೂ, ಉದಾಹರಣೆಗೆ ಪವರ್ ಅಟ್ಯಾಕ್ ಫೀಟ್‌ನ ವಿವರಣೆಗೆ, ಇದೇ ಮಾತು: 5.1ರ ಬಿಡುಗಡೆ ಅದಕ್ಕೆ ಅನ್ವಯಿಸುವುದಿಲ್ಲ. ಅಂಥ ಭಾಗಕ್ಕೆ ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯಿರಿ, ಇಲ್ಲವೇ ತೆಗೆದುಹಾಕಿ ಮೂಲವನ್ನು ನೋಡದೆ ಹೊಸದಾಗಿ ಬರೆಯಿರಿ, ಅದೂ ಆಗದಿದ್ದರೆ ಪುಸ್ತಕವನ್ನು ಓಜಿಎಲ್ ಅಡಿಯಲ್ಲೇ ಮುಂದುವರಿಸಿ. ವಿಜರ್ಡ್ಸ್ ಒಪ್ಪಿಗೆಯ ಆನ್‌ಲೈನ್ ಮಾರಾಟ ತಾಣವಾದ ಡಿಎಂಸ್ ಗಿಲ್ಡ್‌ನಲ್ಲಿ ಪ್ರಕಟಿಸಿದ್ದು ಬೇರೆಯೇ ಒಪ್ಪಂದಕ್ಕೆ ಸೇರಿದ್ದು. ಅದನ್ನು ಈ ಲೆಕ್ಕಕ್ಕೆ ಬೆರೆಸಬೇಡಿ.

ನಿಮ್ಮ ಸ್ವಂತ ಸೃಷ್ಟಿಯನ್ನು ಬೇರೆಯವರಿಗೆ ಎಷ್ಟು ಬಿಟ್ಟುಕೊಡುತ್ತೀರಿ ಎಂಬುದು ಕೊನೆಯ ತೀರ್ಮಾನ. ಸಿಸಿ ಬಿವೈ ಪಠ್ಯ ಬಳಸಿದ ಮಾತ್ರಕ್ಕೆ ನಿಮ್ಮದನ್ನೂ ಮುಕ್ತವಾಗಿಡಬೇಕೆಂಬ ಕಟ್ಟುಪಾಡಿಲ್ಲ. ಕನ್ನಡ ವಿಕಿಪೀಡಿಯದ ಪಠ್ಯಕ್ಕಿರುವಂಥ ಸಿಸಿ ಬಿವೈ-ಎಸ್‌ಎ ಆರಿಸಿದರೆ, ನಿಮ್ಮಿಂದ ಪಡೆದು ರೂಪಾಂತರಿಸಿದವರೂ ಅದೇ ಷರತ್ತಿನಲ್ಲಿ ಹಂಚಬೇಕಾಗುತ್ತದೆ. ಬೇಸಿಕ್ ಫ್ಯಾಂಟಸಿ ಎಂಬ ಆಟ ತನ್ನ ನಾಲ್ಕನೇ ಆವೃತ್ತಿಯಲ್ಲಿ ಓಜಿಎಲ್ ಬಿಟ್ಟು ಹಿಡಿದದ್ದು ಈ ದಾರಿಯನ್ನು. ಆದರೆ ಕ್ರಿಯೇಟಿವ್ ಕಾಮನ್ಸ್ ಹಾಕಿದ ಕಡತದೊಳಗೆ ಕಥಾಲೋಕವೂ ಇದ್ದರೆ ಅದೂ ಜೊತೆಯಲ್ಲೇ ಹೋಗುತ್ತದೆ. ಹೀಗಾಗದಿರಲು ನಿಯಮಗಳನ್ನಷ್ಟೇ ಬೇರ್ಪಡಿಸಿ ನಿಮ್ಮದೇ ಎಸ್‌ಆರ್‌ಡಿ ಮಾಡಿ ಅದಕ್ಕೆ ಮಾತ್ರ ಪರವಾನಗಿ ಹಾಕಿ. ಈ ಬೇರ್ಪಡಿಸುವಿಕೆಯನ್ನು ಆರ್ಕ್ ತನ್ನೊಳಗೇ ಇಟ್ಟುಕೊಂಡಿದೆ: ಆಟದ ನಿಯಮಗಳು ತಾವಾಗಿ ಮುಕ್ತ, ಪಾತ್ರ, ಕಥೆ, ಚಿತ್ರ, ಟ್ರೇಡ್‌ಮಾರ್ಕ್‌ಗಳು ತಾವಾಗಿ ಕಾಯ್ದಿರಿಸಿದವು. ಪ್ರತಿಯಾಗಿ, ಆರ್ಕ್ ಪಠ್ಯದ ಮೇಲೆ ನೀವು ಕಟ್ಟಿದ ನಿಯಮಗಳನ್ನೂ ಮುಂದಿನವರಿಗೆ ಬಿಡಲೇಬೇಕು. ಓಜಿಎಲ್‌ನಿಂದ ಪಡೆದ ಬೇರೆಯವರ ಪಠ್ಯವನ್ನು ಆರ್ಕ್ ಅಡಿ ಬಿಡುಗಡೆ ಮಾಡುವ ಅಧಿಕಾರ ನಿಮಗಿಲ್ಲ ಎಂಬುದು ನೆನಪಿರಲಿ.

ಪ್ರಕಟಿಸುವ ಮುನ್ನ, ನೀವು ನೆಚ್ಚಿಕೊಂಡ ಎಸ್‌ಆರ್‌ಡಿ ಮತ್ತು ಪರವಾನಗಿಯ ಪಿಡಿಎಫ್‌ಗಳನ್ನು ಇಳಿಸಿಕೊಂಡ ದಿನಾಂಕದೊಂದಿಗೆ, ಸ್ಪ್ರೆಡ್‌ಶೀಟ್ ಇರುವ ಫೋಲ್ಡರಿನಲ್ಲೇ ಇಡಿ. ಚಿತ್ರಕಲಾವಿದರೊಂದಿಗಿನ ಒಪ್ಪಂದಗಳನ್ನೂ ಅಲ್ಲೇ ಸೇರಿಸಿ, ಚಿತ್ರಗಳು ಪರವಾನಗಿಗೆ ಒಳಪಡುವುದಿಲ್ಲ ಎಂದು ಹಕ್ಕುಗಳ ಪುಟದಲ್ಲಿ ನಮೂದಿಸಿ. ಪುಸ್ತಕದಿಂದ ಗಣನೀಯ ಆದಾಯ ಬರಲು ಶುರುವಾದಾಗ ವಕೀಲರಿಗೆ ತೋರಿಸಬೇಕಾದ ಕಡತ ಇದೇ.