ಸಣ್ಣ ಪೈಪು, ಜಾಸ್ತಿ ವಾಟ: ಲೇಔಟ್ ಯುಜಿಡಿಯಲ್ಲಿ ನನ್ನ ಅನುಭವ

ತುಮಕೂರಿನ ಹೊರಗೆ, ಕುಣಿಗಲ್ ರಸ್ತೆ ಕಡೆ ಹನ್ನೆರಡು ಎಕರೆ ಲೇಔಟ್. ಸುಮಾರು 200 ಸೈಟು, ಮುಕ್ಕಾಲು ಪಾಲು 30x40. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಲೈನನ್ನು 150 ಎಂಎಂ ಪೈಪಿನಲ್ಲಿ ಎಳೆಯುತ್ತೇನೆ ಎಂದಾಗ ನಕ್ಕವರೇ ಜಾಸ್ತಿ. "ಸಾರ್, ಇದು ಬಾತ್‌ರೂಮ್ ಲೈನ್ ಅಲ್ಲ, ಲೇಔಟು" ಅಂತ ಒಬ್ಬ ಕಾಂಟ್ರಾಕ್ಟರ್ ಎಲ್ಲರ ಮುಂದೆಯೇ ಹೇಳಿದ. ಈಗ ಐದಾರು ಮಳೆಗಾಲ ಕಳೆದಿದೆ. ಮೇನ್ ಲೈನ್ ಒಮ್ಮೆಯೂ ಕಟ್ಟಿಲ್ಲ. ಅದೇ ಕಾಂಟ್ರಾಕ್ಟರ್ ಹೋದ ತಿಂಗಳು ಫೋನ್ ಮಾಡಿ ಡ್ರಾಯಿಂಗ್ ಕೇಳಿದ.

ನನಗಿಂತ ಮೊದಲು ಓನರ್ ಕೈಯಲ್ಲಿ ಬೇರೊಂದು ಡಿಸೈನ್ ಇತ್ತು. 300 ಎಂಎಂ ಆರ್‌ಸಿಸಿ ಪೈಪು, 400ಕ್ಕೆ 1 ವಾಟ (400 ಮೀಟರಿಗೆ ಒಂದು ಮೀಟರ್ ಇಳಿಜಾರು), ಕೊನೆಗೆ ವೆಟ್‌ವೆಲ್ (ಕೊಳಚೆ ಬಂದು ಸೇರುವ ಬಾವಿ), ಎರಡು ಪಂಪು. ಎಸ್ಟಿಮೇಟ್ 95 ಲಕ್ಷದ ಹತ್ತಿರ. ದೊಡ್ಡ ಪೈಪಿಗೆ ಕಮ್ಮಿ ವಾಟ ಸಾಕು ಅನ್ನುವುದು ನಮ್ಮ ಫೀಲ್ಡಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಪೈಪು ತುಂಬಿ ಹರಿದರೆ ಅದು ನಿಜ. ಆದರೆ ತುಂಬಿಸುವವರು ಯಾರು? ಲೆಕ್ಕ ಹಾಕಿ ನೋಡಿ. ಸಾವಿರ ಜನ, ತಲೆಗೆ 135 ಲೀಟರ್, ಅದರಲ್ಲಿ ಶೇ 80 ಚರಂಡಿಗೆ, ಪೀಕ್ ಫ್ಯಾಕ್ಟರ್ 3, ಅಂದರೆ ಜಾಸ್ತಿ ಹರಿಯುವ ಹೊತ್ತಿಗೆ ಸರಾಸರಿಯ ಮೂರು ಪಟ್ಟು. ಎಲ್ಲ ಸೈಟಿನಲ್ಲೂ ಮನೆ ಎದ್ದ ಮೇಲೂ ಬರುವುದು ಸೆಕೆಂಡಿಗೆ ನಾಲ್ಕು ಲೀಟರ್ ಒಳಗೆ. 150ರ ಪೈಪು 100ಕ್ಕೆ 1 ವಾಟದಲ್ಲಿ ಹದಿನೈದು ಲೀಟರ್ ಒಯ್ಯುತ್ತದೆ.

ಅಸಲಿ ತಲೆನೋವು ಅದಲ್ಲ. ಸೈಟು ಕೊಂಡವರು ಯಾವಾಗ ಮನೆ ಕಟ್ಟುತ್ತಾರೆ ಅಂತ ದೇವರಿಗೇ ಗೊತ್ತು. ಮೊದಲ ನಾಲ್ಕೈದು ವರ್ಷ ಇಪ್ಪತ್ತು ಮೂವತ್ತು ಮನೆ ಇದ್ದರೆ ದೊಡ್ಡದು. ಅಷ್ಟು ನೀರು 300ರ ಪೈಪಿನಲ್ಲಿ 400ಕ್ಕೆ 1ರಲ್ಲಿ ಸೆಕೆಂಡಿಗೆ 0.2 ಮೀಟರ್ ಆಸುಪಾಸಿನಲ್ಲಿ ತೆವಳುತ್ತದೆ. 0.6 ಇಲ್ಲದಿದ್ದರೆ ಹೂಳು ಕೂರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ನನ್ನ ಲೈನಿನಲ್ಲೂ ಆ ಕಾಲಕ್ಕೆ 0.4 ಅಷ್ಟೇ. ಡಬಲ್ ಆಯಿತು, ಆದರೆ ಸಾಲದು. ಆ ಕೊರತೆಗೆ ಒಮ್ಮೆಲೇ ನೀರು ಬಿಟ್ಟು ಲೈನ್ ತೊಳೆಯುವ ಫ್ಲಶಿಂಗ್ ಟ್ಯಾಂಕ್.

ಅನುಮೋದನೆ ಕೊಡುವ ಕಡೆ ಫೈಲು ತಿಂಗಳುಗಟ್ಟಲೆ ಕೂತಿತ್ತು. ಲಕ್ಷ ಜನ ದಾಟಿದ ಊರಿಗೆ ಕನಿಷ್ಠ 200 ಎಂಎಂ ಅಂತ ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಒಳಚರಂಡಿ ಮ್ಯಾನುಯಲ್ ತೋರಿಸಿದರು. ಕೆಲವು ಜಾಗಕ್ಕೆ 150 ಕೂಡ ಪರಿಗಣಿಸಬಹುದು ಎಂದು ಅಲ್ಲೇ ಇದೆ, ನಾನು ಅದನ್ನು ತೋರಿಸಿದೆ. ಕೊನೆಗೆ ಕೆಳಗಿನ ನೂರೆಂಬತ್ತು ಮೀಟರ್ 200 ಹಾಕಿ ಸಹಿ ತಗೊಂಡೆ. ಆ 200ರಿಂದ ಯಾವ ಉಪಯೋಗವೂ ಇಲ್ಲ, ಸಹಿಗಾಗಿ ಹಾಕಿದ್ದು.

ಇನ್ನು ಬಂಡೆ. ಒಂದೂವರೆ ಮೀಟರ್‌ಗೆ ಗಟ್ಟಿ ಕಲ್ಲು ಸಿಗುವ ನೆಲ ಅದು. ಅಡ್ಡರಸ್ತೆಗಳು ಇಳಿಜಾರಿನ ಜೊತೆಗೇ ಇಳಿಯುತ್ತವೆ, ಅಲ್ಲಿ ಚಿಂತೆಯಿಲ್ಲ. ಆದರೆ ಉದ್ದದ ರಸ್ತೆಗಳು ಸಮತಟ್ಟು, ಒಂದೊಂದೂ 240 ಮೀಟರ್. ಒಂದೇ ಕಡೆಗೆ ಹರಿಸಿದರೆ ಕೊನೆಯಲ್ಲಿ ಹನ್ನೊಂದು ಅಡಿ ಆಳ. ಕಲ್ಲು ಒಡೆಯುವ ಬ್ರೇಕರ್‌ಗೆ ಗಂಟೆಗೆ ಎರಡು ಸಾವಿರದ ಹತ್ತಿರ ಹೋಗುತ್ತಿತ್ತು. ಹಾಗಾಗಿ ರಸ್ತೆಯ ನಡುವನ್ನೇ ತಲೆ (ಲೈನ್ ಶುರುವಾಗುವ ಎತ್ತರದ ತುದಿ) ಮಾಡಿ ಎರಡೂ ಕಡೆ ಅಡ್ಡರಸ್ತೆಗೆ ಹರಿಸಿದೆ. ಆಳ ಆರೂವರೆ ಏಳು ಅಡಿಗೆ ನಿಂತಿತು. ಪಂಪೇ ಬೇಕಾಗಲಿಲ್ಲ. ಇಷ್ಟರಲ್ಲೇ ಇಪ್ಪತ್ತು ಲಕ್ಷಕ್ಕೂ ಮೇಲೆ ಉಳಿಯಿತು. ಒಟ್ಟು ಖರ್ಚು ಅರವತ್ತೆರಡೋ ಅರವತ್ಮೂರೋ ಲಕ್ಷ. ಅದರಲ್ಲಿ ಮ್ಯಾನ್‌ಹೋಲ್‌ಗಳೇ ಹದಿಮೂರು ಲಕ್ಷ ತಿಂದವು.

ಎಲ್ಲ ಸಲೀಸಾಗಿ ನಡೆಯಲಿಲ್ಲ. ನಾವು ಹಾಕಿದ ಡಿಡಬ್ಲ್ಯೂಸಿ (ಎರಡು ಪದರದ ಪ್ಲಾಸ್ಟಿಕ್) ಪೈಪು ಹಗುರ, ಹುಡುಗರು ಕೈಯಲ್ಲೇ ಎತ್ತಿ ಇಡುತ್ತಾರೆ. ಅದೇ ಅಪಾಯ. ಕೆಳಗೆ ಎಂ-ಸ್ಯಾಂಡ್ ಹಾಸದೆ ಕಲ್ಲಿನ ಮೇಲೇ ಮಲಗಿಸಿ ಮುಚ್ಚಿಬಿಟ್ಟಿದ್ದರು. ಒಂದು ಮ್ಯಾನ್‌ಹೋಲಿನಲ್ಲಿ ಟಾರ್ಚ್ ಹಿಡಿದು ಮುಂದಿನದರಲ್ಲಿ ಕನ್ನಡಿ ಇಟ್ಟರೆ ಗುಂಡನೆ ಬೆಳಕು ಕಾಣಬೇಕು. ಅಲ್ಲಿ ಕಂಡದ್ದು ಅರ್ಧಚಂದ್ರ. ಪೈಪು ಹೊಟ್ಟೆ ಬಿಟ್ಟಿತ್ತು. ಅಂಥ ನೂರಿಪ್ಪತ್ತು ಮೀಟರ್ ಅಗೆಸಿ ಮತ್ತೆ ಹಾಕಿಸಿದೆ. ಬಿಲ್ಲಿನಲ್ಲಿ ಹಿಡಿದೆ, ಸಬ್‌ಕಾಂಟ್ರಾಕ್ಟರ್ ಸೈಟಿಗೆ ಬರುವುದನ್ನೇ ನಿಲ್ಲಿಸಿದ. ರಬ್ಬರ್ ರಿಂಗ್ ಹಾಕದೆ ಸೇರಿಸಿದ ಜಾಯಿಂಟ್‌ಗಳು ನೀರು ತುಂಬಿಸಿ ನೋಡಿದಾಗಲೇ ಸಿಕ್ಕವು. ಮನೆ ಕಟ್ಟುವವರಂತೂ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಕಾಂಕ್ರೀಟ್ ತೊಳೆದ ನೀರು ಬಿಡುತ್ತಿದ್ದರು. ಎರಡು ಚೇಂಬರ್ ತಳ ಕಲ್ಲಾಗಿ ಕೂತಿತ್ತು, ಉಳಿಯಿಂದ ಕೆತ್ತಿಸಬೇಕಾಯಿತು. ಈಗ ಕನೆಕ್ಷನ್ ಕೊಡುವಾಗಲೇ ಹತ್ತು ಸಾವಿರ ಡಿಪಾಸಿಟ್ ಇಸ್ಕೊಂಡು, ಮನೆ ಮುಗಿದ ಮೇಲೆ ಚೇಂಬರ್ ನೋಡಿ ವಾಪಸ್ ಕೊಡುತ್ತೇವೆ.

ಫ್ಲಶಿಂಗ್ ಟ್ಯಾಂಕ್ ವಿಷಯಕ್ಕೆ ಬರೋಣ. ಲೈನಿನ ತಲೆಯಲ್ಲಿ ಎರಡು ಸಾವಿರ ಲೀಟರ್ ತೊಟ್ಟಿ, ಒಳಗೆ ಸೈಫನ್ (ನೀರನ್ನು ತಾನೇ ಎಳೆದು ಬಿಡುವ ಬಾಗಿದ ಪೈಪು). ಪಾರ್ಕಿನ ಓವರ್‌ಹೆಡ್ ಟ್ಯಾಂಕ್ ತುಂಬಿ ಚೆಲ್ಲುವ ನೀರು ಇದಕ್ಕೆ ಬೀಳುತ್ತದೆ. ಒಂದಡಿ ಮೇಲಿಂದ ಬೀಳಬೇಕು, ಕುಡಿಯುವ ನೀರಿನ ಪೈಪು ತೊಟ್ಟಿಗೆ ತಾಗಲೇಬಾರದು. ತೊಟ್ಟಿ ತುಂಬಿದಾಗ ಐದು ನಿಮಿಷದಲ್ಲಿ ತಾನೇ ಖಾಲಿಯಾಗುತ್ತದೆ. ಸೈಫನ್ ಬೆಂಡಿನ ಅಳತೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಸಾಕಷ್ಟು ಪಿವಿಸಿ ಹಾಳು ಮಾಡಿದ್ದೇನೆ, ನೀವೂ ಸ್ವಲ್ಪ ಮಾಡಿ.

ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ನಿಂಬೆಹಣ್ಣು ಬಿಟ್ಟೆವು. ಫ್ಲಶ್ ಇಲ್ಲದಾಗ ಹಣ್ಣು ನಾಲ್ಕು ಮಾರು ಹೋಗಿ ಕೂತಿತು. ಫ್ಲಶ್ ಬಿಟ್ಟ ಮೇಲೆ ಮೂವತ್ತು ಮೀಟರ್ ದೂರದ ಮುಂದಿನ ಮ್ಯಾನ್‌ಹೋಲಿಗೆ ನಲವತ್ತು ಸೆಕೆಂಡಿನಲ್ಲಿ ಬಂತು, ಹಿಂದೆಯೇ ಕೂತಿದ್ದ ಹಣ್ಣೂ ಉರುಳಿ ಬಂತು. ಮೇಸ್ತ್ರಿ ಎರಡನ್ನೂ ಲೆಕ್ಕ ಹಾಕಿ ಚೀಲಕ್ಕೆ ಹಾಕಿಕೊಂಡ, ಏನು ಮಾಡಿದನೋ ಕೇಳಲಿಲ್ಲ. ಇನ್ನೂರೈವತ್ತು ಮೀಟರ್ ದಾಟಿದರೆ ಆ ಅಲೆಗೆ ಬಲ ಇರುವುದಿಲ್ಲ. ಹಾಗಾಗಿ ಮೂರು ತಲೆಗೆ ಮೂರು ತೊಟ್ಟಿ. ಒಂದಕ್ಕೆ ನಲವತ್ತು ಸಾವಿರ ಬಿದ್ದಿರಬಹುದು.

ಇನ್ನೊಂದು ಪ್ರಯೋಗ. ಮಳೆ ಬಂದಾಗ ಕೆಳಗಿನ ಚೇಂಬರ್ ಉಕ್ಕಲು ಶುರುವಾಯಿತು. ಪೈಪು ಸಣ್ಣದಾಯಿತು ಅಂತ ಓನರ್ ಮುಖ ಊದಿಸಿಕೊಂಡರು. ಯಾರೋ ಟೆರೇಸ್ ನೀರು ಸೇರಿಸಿದ್ದಾರೆ ಅಂತ ನನಗೆ ಅನುಮಾನ. ತೆಂಗಿನ ನಾರು ಹೊಗೆ ಹಾಕಿ ಬ್ಲೋವರ್‌ನಿಂದ ಮ್ಯಾನ್‌ಹೋಲಿಗೆ ಊದಿಸಿದೆ. ವೆಂಟ್ ಪೈಪಿನಿಂದ ಹೊಗೆ ಬಂದರೆ ಸರಿ, ಬರಲೇಬೇಕು. ಟೆರೇಸ್ ಮೂಲೆಯ ಮಳೆನೀರಿನ ಜಾಲಿಯಿಂದ ಬಂದರೆ ಕಳ್ಳ ಸಿಕ್ಕ. ಏಳೆಂಟು ಮನೆಯ ತಾರಸಿಯಲ್ಲಿ ಹೊಗೆ ಎದ್ದಿತು. ಒಬ್ಬರು ಬೆಂಕಿ ಬಿತ್ತು ಅಂತ ಬಕೆಟ್ ಹಿಡಿದು ಮೇಲೆ ಓಡಿದರು. ಆ ಕನೆಕ್ಷನ್‌ಗಳನ್ನು ಕತ್ತರಿಸಿ ರಸ್ತೆ ಚರಂಡಿಗೆ ತಿರುಗಿಸಿದ ಮೇಲೆ ಉಕ್ಕುವುದು ನಿಂತಿತು.

ಲೈನಿನ ಕೊನೆಯಲ್ಲಿ ಕೊಳಚೆ ಶುದ್ಧಿ ಮಾಡಲು ಸೆಟ್ಲರ್, ಬ್ಯಾಫಲ್ ಟ್ಯಾಂಕ್, ಕ್ಯಾನಾ ಗಿಡ ನೆಟ್ಟ ಜಲ್ಲಿ ಹಾಸು ಇದೆ, ಆ ನೀರು ಪಾರ್ಕಿಗೆ. ಅದರ ಕಥೆ ಬೇರೆ. ಈಗ ತೊಂಬತ್ತು ಮನೆ ಆಗಿದೆ. ಮೇಲಿನ ಎರಡು ತೊಟ್ಟಿ ವಾರಕ್ಕೊಮ್ಮೆ ಬಿಟ್ಟರೆ ಸಾಕು. ತಲೆ ಕಡೆಯ ಚೇಂಬರ್‌ಗಳು ಮೂರಡಿ ಒಳಗೇ ಇರುವುದರಿಂದ ಮೇಲೆ ನಿಂತೇ ರಾಡ್ ಹಾಕಬಹುದು, ಆಳದವಕ್ಕೆ ಜೋರಾಗಿ ನೀರು ಚಿಮ್ಮಿಸಿ ತೊಳೆಯುವ ಜೆಟ್ಟಿಂಗ್ ಗಾಡಿ. ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೂ ಜನರನ್ನು ಒಳಗೆ ಇಳಿಸುವ ಲೇಔಟ್‌ಗಳಿವೆ, ನಮ್ಮದರಲ್ಲಿ ಯಾರೂ ಇಳಿದಿಲ್ಲ. ವರ್ಷಕ್ಕೆ ಅಸೋಸಿಯೇಷನ್ ಜೆಟ್ಟಿಂಗ್‌ಗೆ ಕೊಡುವುದು ಹತ್ತು ಹನ್ನೆರಡು ಸಾವಿರ. ಈ ವರ್ಷ ಅದನ್ನೂ ಬೇಡ ಅಂತಿದ್ದಾರೆ. ನಾನು ಒಪ್ಪಿಲ್ಲ.