ಹಾಸಿಗೆ ಹಿಡಿದವರಿಗೆ ಹಲ್ಲುಜ್ಜಿಸುವುದು ಹೇಗೆ?

ಲಕ್ವ ಹೊಡೆದು ಮಲಗಿದ ಹಿರಿಯರಿಗೆ ಮೈ ಒರೆಸುತ್ತಾರೆ, ತಲೆ ಬಾಚುತ್ತಾರೆ, ಬಟ್ಟೆ ಬದಲಿಸುತ್ತಾರೆ. ಬಾಯಿಯ ಸರದಿ ಬಂದಾಗ ಮಾತ್ರ ಒಂದು ಲೋಟ ನೀರು ಹಿಡಿದು ‘ಮುಕ್ಕಳಿಸಪ್ಪಾ’ ಅನ್ನುತ್ತಾರೆ. ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ನುಂಗುವ ಶಕ್ತಿ ಕುಂದಿದವರಿಗೆ ಆ ನೀರೇ ಅಪಾಯ. ಬಾಯಿಯ ಕೊಳೆ ಸಮೇತ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ಹಾಗಂತ ಬಾಯಿ ಹಾಗೇ ಬಿಟ್ಟರೂ ತಪ್ಪು. ಕೊಳೆಯಾದ ಬಾಯಿಯ ಜೊಲ್ಲು ಇಳಿದರೂ ಅದೇ ಕಾಯಿಲೆ.

ತಲೆ ಚಿಕ್ಕದಿರುವ ಮೆತ್ತನೆ ಬ್ರಷ್ ತನ್ನಿ. ಮಕ್ಕಳ ಬ್ರಷ್ ನನಗಿಷ್ಟ. ಫ್ಲೋರೈಡ್ ಪೇಸ್ಟ್, ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ), ಟವೆಲ್, ಟಾರ್ಚ್, ಕೈಗವಸು ಇದ್ದರೆ ಸಾಕು. ಹಲ್ಲುಪುಡಿ, ಇದ್ದಿಲು ಬೇಡವೇ ಬೇಡ. ಗಂಟಲಿಗೆ ಹೋದರೆ ಕೆಮ್ಮು ನಿಲ್ಲೋದಿಲ್ಲ. ನಿಂಬೆ-ಗ್ಲಿಸರಿನ್ ಹಚ್ಚಿದ ಹತ್ತಿಕಡ್ಡಿಯನ್ನೂ ಕೊಳ್ಳಬೇಡಿ, ಅದು ಬಾಯನ್ನು ಇನ್ನಷ್ಟು ಒಣಗಿಸುತ್ತದೆ.

ಮೊದಲು ದಿಂಬು ಕೊಟ್ಟು ಕೂರಿಸಿ. ಕೂರಲು ಆಗದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ, ಕೆನ್ನೆ ಕೆಳಗೆ ಟವೆಲ್ ಹಾಕಿ. ಅಂಗಾತ ಮಲಗಿಸಿ ಉಜ್ಜಬಾರದು. ನೀವು ನಿಂತರೆ ಅವರು ಮುಖ ಮೇಲೆತ್ತುತ್ತಾರೆ, ನೀರು ಗಂಟಲಿಗೆ ಜಾರುತ್ತದೆ. ಅದಕ್ಕೆ ಅವರ ಎತ್ತರಕ್ಕೇ ಕೂತು, ಗದ್ದ ಸ್ವಲ್ಪ ಕೆಳಗೆ ಬಾಗುವಂತೆ ನೋಡಿಕೊಳ್ಳಿ.

ಇನ್ನು ಬಾಯಿ ತೆರೆಸುವುದು. ಎಲ್ಲರೂ ಸೋಲುವುದು ಇಲ್ಲೇ. ‘ಆ ಅನ್ನಿ, ಆ ಅನ್ನಿ’ ಅಂತ ಕೂಗಿ, ಕೊನೆಗೆ ಚಮಚ ತುರುಕುತ್ತಾರೆ. ತುಟಿ ಹರಿಯುತ್ತದೆ, ಸಡಿಲ ಹಲ್ಲು ಮುರಿಯುತ್ತದೆ, ಮರುದಿನ ಬ್ರಷ್ ಕಂಡರೇ ಅವರು ಬಾಯಿ ಬಿಗಿ ಹಿಡಿಯುತ್ತಾರೆ. ಮೊದಲು ಕೈ ಹಿಡಿಯಿರಿ, ಏನು ಮಾಡುತ್ತೀರಿ ಅಂತ ಹೇಳಿ. ಒದ್ದೆ ಗಾಜ್‌ನಿಂದ ತುಟಿ ನೆನೆಸಿ. ಕೆನ್ನೆಯ ಹೊರಗಿನಿಂದ ದವಡೆಯ ಕೀಲನ್ನು ಮೆಲ್ಲಗೆ ನೀವಿ. ಆಮೇಲೆ ತೋರುಬೆರಳನ್ನು ಕೆನ್ನೆಯ ಒಳಗೆ, ಹಲ್ಲಿನ ಹೊರಬದಿಯಲ್ಲೇ ಜಾರಿಸುತ್ತಾ ಹಿಂದಕ್ಕೆ ಒಯ್ದು, ಕೆನ್ನೆಯನ್ನು ಹೊರಕ್ಕೆ ಸರಿಸಿ. ಎಷ್ಟೋ ಸಲ ಬಾಯಿ ತಾನೇ ಸಡಿಲವಾಗುತ್ತದೆ. ಹಲ್ಲುಗಳ ಮಧ್ಯೆ ಮಾತ್ರ ಬೆರಳಿಡಬೇಡಿ. ಮರೆವಿನ ಕಾಯಿಲೆ ಇದ್ದವರ ಕೈಗೇ ಬ್ರಷ್ ಕೊಟ್ಟು, ಅವರ ಕೈ ಮೇಲೆ ನಿಮ್ಮ ಕೈಯಿಟ್ಟು ಶುರು ಮಾಡಿ. ಹಳೆ ರೂಢಿ ಕೈಗೆ ನೆನಪಿರುತ್ತದೆ. ಒಪ್ಪದಿದ್ದರೆ ಬಿಟ್ಟು, ಒಂದು ಗಂಟೆ ಕಳೆದು ಬನ್ನಿ.

ಉಗಿಯಲು ಬಾರದವರಿಗೆ ಬ್ರಷ್‌ಗೆ ಸವರಿದಷ್ಟೇ ಪೇಸ್ಟ್ ಸಾಕು. ಹಲ್ಲು ಮತ್ತು ವಸಡು ಸೇರುವ ಕಡೆ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ರಕ್ತ ಕಂಡರೆ ಹೆದರಿ ನಿಲ್ಲಿಸಬೇಡಿ. ಕೊಳೆ ಕೂತು ವಸಡು ಊದಿದ್ದಕ್ಕೇ ಸಾಮಾನ್ಯವಾಗಿ ರಕ್ತ ಬರುವುದು.

ನಂತರ ಸ್ವಾಧೀನ ತಪ್ಪಿದ ಕಡೆಯ ಕೆನ್ನೆಗೆ ಟಾರ್ಚ್ ಬಿಟ್ಟು ನೋಡಿ. ರಾತ್ರಿ ಸಾರಲ್ಲಿ ಕಿವುಚಿ ತಿನ್ನಿಸಿದ ಮುದ್ದೆ ಬೆಳಿಗ್ಗೆಯೂ ಅಲ್ಲೇ ಅಂಟಿರುತ್ತದೆ, ಅವರಿಗೆ ಗೊತ್ತೇ ಆಗಿರುವುದಿಲ್ಲ. ಗಾಜ್ ಸುತ್ತಿದ ಬೆರಳಿಂದ ಒರೆಸಿ ತೆಗೆಯಿರಿ, ಉಳಿದ ನೊರೆಯನ್ನೂ ಒರೆಸಿ. ಪ್ರತಿ ಊಟದ ನಂತರ ಇಷ್ಟಾದರೂ ಮಾಡಿ. ಉಜ್ಜುವುದು ದಿನಕ್ಕೆ 2 ಸಲ.

ಕಟ್ಟಿಸಿದ ಹಲ್ಲು ಇದ್ದರೆ ರಾತ್ರಿ ತೆಗೆದು, ಸೋಪಿನಿಂದ ತೊಳೆದು ತಣ್ಣೀರಲ್ಲಿಡಿ. ಪೇಸ್ಟ್ ಅದನ್ನು ಗೀರುತ್ತದೆ, ಬಿಸಿನೀರು ಸೊಟ್ಟ ಮಾಡುತ್ತದೆ.

ಎಲೆಅಡಿಕೆ, ಕಡ್ಡಿಪುಡಿ ಹಾಕಿ ರೂಢಿ ಇದ್ದವರ ಕೆನ್ನೆ, ನಾಲಿಗೆಯ ಅಂಚನ್ನು ವಾರಕ್ಕೊಮ್ಮೆ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, 2 ವಾರವಾದರೂ ಮಾಯದ ಹುಣ್ಣು ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಿವೆ. ವೀಲ್‌ಚೇರ್‌ನಲ್ಲಿ ಬರುತ್ತೇವೆ ಅಂತ ಮೊದಲೇ ಫೋನ್ ಮಾಡಿ ತಿಳಿಸಿ. ಮಾತ್ರೆಗಳ ಚೀಟಿ ಮರೆಯಬೇಡಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದ ವಸಡು ಬೆಳೆಯಬಹುದು. ಮೂಳೆ ಸವೆತಕ್ಕೆ ಕೊಡುವ ಕೆಲವು ಔಷಧಿ ಇದ್ದಾಗ ಹಲ್ಲು ಕಿತ್ತರೆ ದವಡೆಯ ಗಾಯ ಮಾಯದೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ‘ನಾಳೆ ಹಲ್ಲು ಕೀಳ್ತಾರೆ’ ಅಂತ ನೀವಾಗಿಯೇ ನಿಲ್ಲಿಸಬೇಡಿ. ಅದು ಮಾತ್ರೆ ಬರೆದ ವೈದ್ಯರೂ ದಂತವೈದ್ಯರೂ ಮಾತಾಡಿಕೊಂಡು ಹೇಳಬೇಕಾದ ವಿಷಯ.